ಸೊನ್ನೆ ಬರೆಯಬೇಕಾದ ಕಲಂ

ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಸುಬ್ರಹ್ಮಣ್ಯದ ಬಸ್ಸಿನಲ್ಲಿ ಪಕ್ಕದವರು ನನ್ನನ್ನು ನೋಡಿ ನಕ್ಕರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಬೇಕರಿಯವರು "ಇವತ್ತೇ ಬಂದದ್ದು" ಎಂದರೆ ಬ್ರೆಡ್ಡನ್ನು ಹಿಂದಿನ ಸಾಲಿನಿಂದ ಎಳೆಯುತ್ತೇನೆ. ಹೆಂಡತಿ ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದರೂ ಒಂದು ಗುಟುಕು ಕುಡಿದ ಮೇಲೆಯೇ ತಲೆಯಾಡಿಸುವುದು. "ಮದುವೆಗೆ ಮೊದಲು ನನ್ನ ಜಾತಕವನ್ನು ಮೂರು ಕಡೆ ತೋರಿಸಿದವರಲ್ವಾ ನೀವು" ಎಂದು ಅವಳು ಆಗಾಗ ಚುಚ್ಚುತ್ತಾಳೆ. ಮೂರಲ್ಲ, ನಾಲ್ಕು.

ಇಂಥವನಿಗೆ ಸಿಕ್ಕ ಕೆಲಸ ನೋಡಿ. ಪಂಜದ ಮನೆಯಲ್ಲೇ ಕೂತು ಕಂಪ್ಯೂಟರಿನ ಕರ್ನೆಲ್‌ನ ವಿಡಿಯೋ ಭಾಗವನ್ನು ತಿದ್ದುವುದು. ಕರ್ನೆಲ್ ಎಂದರೆ ಒಳಗೆ ಕೂತು ಎಲ್ಲರಿಗೂ ಕೆಲಸ ಹಂಚುವ ತಂತ್ರಾಂಶ. ಕ್ಯಾಮೆರಾ ಬೇಕಾದ ಅಪ್ಲಿಕೇಶನ್ ಅದಕ್ಕೊಂದು ಅರ್ಜಿ ತುಂಬಿ ಕೊಡಬೇಕು: ಚಿತ್ರ ಎಷ್ಟು ಅಗಲ, ಎಷ್ಟು ಎತ್ತರ, ಯಾವ ಬಗೆ. ಅರ್ಜಿಯ ಕೊನೆಯಲ್ಲಿ ಮುಂದಕ್ಕೆ ಬೇಕಾದೀತು ಎಂದು ನಾಲ್ಕಾರು ಕಲಂ ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ಸೊನ್ನೆ ಬರೆಯಬೇಕೆಂದು ನಿಯಮ. ನಾನು ಎರಡು ವರ್ಷ ಒದ್ದಾಡಿ ಅಂಥ ಒಂದು ಕಲಮಿನಲ್ಲಿ "ಚಿತ್ರವನ್ನು ಎಡಬಲ ಅದಲುಬದಲು ಮಾಡಬೇಕೆ?" ಎಂಬ ಹೊಸ ಪ್ರಶ್ನೆ ಸೇರಿಸಿದ್ದೆ. ಸೊನ್ನೆ ಇದ್ದರೆ ಬೇಡ, ಬೇರೆ ಏನಿದ್ದರೂ ಬೇಕು ಎಂದರ್ಥ. ಹಾಗಾಗಿ ಹಳೆಯ ಅಪ್ಲಿಕೇಶನ್‌ಗಳಿಗೆ ತೊಂದರೆಯಿಲ್ಲ. ಆದರೆ ಈ ಭಾಗವನ್ನು ನೋಡಿಕೊಳ್ಳುವ ಮೇಲ್ವಿಚಾರಕರದ್ದು ಒಂದೇ ಮಾತು. ಹಳೆಯ ಒಂದು ಅಪ್ಲಿಕೇಶನ್ ಕೆಟ್ಟರೂ, ತಪ್ಪು ಯಾರದ್ದೇ ಇರಲಿ, ಹೊಸತು ಹೊರಗೆ. ನನ್ನ ಎರಡು ವರ್ಷವೂ ಅದರ ಜೊತೆಗೇ ಹೊರಗೆ.

ಪರೀಕ್ಷೆಗೆಂದು ಹಳೆಯ ಅಪ್ಲಿಕೇಶನ್ ಹುಡುಕುತ್ತ ಕಬಕಕ್ಕೆ ಹೋದೆ. ಅಲ್ಲಿ ಇಬ್ರಾಹಿಂ ಹಾಜಿಯವರ ಗೋದಾಮಿನಲ್ಲಿ ಅಡಿಕೆ ವಿಂಗಡಿಸುವ ಯಂತ್ರವಿದೆ. ಅಡಿಕೆ ಬೆಲ್ಟಿನ ಮೇಲೆ ಸಾಗುವಾಗ ಕ್ಯಾಮೆರಾ ನೋಡುತ್ತದೆ. ಕರಿಗೋಟು, ಅಂದರೆ ಹಾಳಾದ ಅಡಿಕೆ, ಕಂಡರೆ ಗಾಳಿ ಊದಿ ಹೊರಗೆ ಹಾರಿಸುತ್ತದೆ. ಸುಳ್ಯದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಅವರು ಸೆಕೆಂಡ್‌ಹ್ಯಾಂಡ್ ತಂದದ್ದು. ಹೊಸ ಕರ್ನೆಲ್ ಹಾಕಿ ನೋಡಲೇ ಎಂದು ಕೇಳಿದಾಗ ಹಾಜಿಯವರು ಒಂದೇ ಮಾತಿಗೆ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿಬರಲಿಲ್ಲ.

ಹಾಕಿ ಯಂತ್ರ ಶುರು ಮಾಡಿದೆವು. ಕರಿಗೋಟು ಎಡಗಡೆ ಬಂದರೆ ಗಾಳಿ ಬಲಗಡೆ ಊದಿತು. ಒಳ್ಳೆ ಅಡಿಕೆ ಹಾರಿ ಗೋಡೆಗೆ ಬಡಿಯಿತು, ಕರಿಗೋಟು ಗತ್ತಿನಿಂದ ಚೀಲಕ್ಕೆ ಇಳಿಯಿತು. ಅಡಿಕೆ ಹೆಕ್ಕುವ ಲೀಲಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು, "ಎಂತ ಗೌಡ್ರೆ ಇದು? ನೀವು ಬರುವವರೆಗೆ ಸರಿ ಇತ್ತಲ್ಲ?" ಎಂದರು.

ಕೂಡಲೇ ನನಗೆ ಲೀಲಕ್ಕನ ಮೇಲೆ ಸಂಶಯ ಬಂತು. ಯಂತ್ರದಿಂದ ಅವರ ಕೆಲಸ ಕಡಿಮೆಯಾಗಿರಬೇಕು. ಆ ಸಿಟ್ಟಿಗೆ ಕ್ಯಾಮೆರಾ ತಿರುಗಿಸಿ ಇಟ್ಟಿರಬಹುದು. ಇದನ್ನು ಮುಟ್ಟಿದಿರಾ ಎಂದು ಕೇಳಿಯೂ ಬಿಟ್ಟೆ. "ನಾನು ಮುಟ್ಟುದು ಎಂತಕ್ಕೆ ಮಾರಾಯ್ರೆ? ನನಗೆ ಎರಡು ಕಣ್ಣು ಉಂಟು, ಅದಕ್ಕೆ ಇರುದು ಒಂದೇ" ಎಂದು ಅವರು ಮುಖ ತಿರುಗಿಸಿದರು. ವಯರಿಗೆ ಇಲಿ ಕಚ್ಚಿರಬಹುದು ಎಂದರು ಹಾಜಿಯವರು. ಕೇಳುವ ಮೊದಲೇ ಇಲಿಯ ಮೇಲೆ ಹೊರಿಸುವವರನ್ನು ನಾನು ನಂಬುವುದಿಲ್ಲ, ಅವರನ್ನೂ ಒಮ್ಮೆ ಓರೆಗಣ್ಣಿನಿಂದ ನೋಡಿದೆ. ಕ್ಯಾಮೆರಾ ನೆಟ್ಟಗಿತ್ತು, ವಯರೂ ಸರಿಯಿತ್ತು. ಕೊನೆಗೆ ಉಳಿದದ್ದು ಆ ಅಪ್ಲಿಕೇಶನ್ ಬರೆದವನೊಬ್ಬನೇ. "ಯಾರೋ ಕೆಲಸ ಗೊತ್ತಿಲ್ಲದವನು ಬರೆದದ್ದು, ನಿಯಮವನ್ನೇ ಓದಿಲ್ಲ" ಎಂದು ಗೋದಾಮಿಗೆಲ್ಲ ಕೇಳುವ ಹಾಗೆ ಹೇಳಿ, ಯಂತ್ರದೊಳಗಿದ್ದ ಸೋರ್ಸ್ ಕೋಡ್ ತೆರೆದೆ.

ಸೊನ್ನೆ ಇರಬೇಕಾದ ಕಲಮಿನಲ್ಲಿ ಏಳು ಕೂತಿತ್ತು. ಪಕ್ಕದಲ್ಲೊಂದು ಟಿಪ್ಪಣಿ: ಖಾಲಿ ಬಿಟ್ಟರೆ ಕರ್ನೆಲ್ ಇಲ್ಲಿ ಏನಾದರೂ ಗೀಚೀತು, ಗುರುತಿಗೆ ಇರಲಿ, ಯಾರನ್ನೂ ನಂಬಬಾರದು. ಕೆಳಗೆ ನನ್ನ ಹೆಸರು.

ಓದು ಮುಗಿಸಿ ಪುತ್ತೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವುದೋ ಯಂತ್ರಕ್ಕೆಂದು ಬರೆದುಕೊಟ್ಟದ್ದು ನೆನಪಾಯಿತು. ಆ ಯಂತ್ರದ ಮುಖವನ್ನೂ ನಾನು ನೋಡಿರಲಿಲ್ಲ. ಬ್ಯಾಂಕಿನ ಅರ್ಜಿಯಲ್ಲಿ ಖಾಲಿ ಜಾಗ ಕಂಡರೆ ಬೇರೆ ಯಾರಾದರೂ ಏನಾದರೂ ಬರೆದಾರೆಂದು ಅಡ್ಡಗೆರೆ ಎಳೆಯುವ ಮನುಷ್ಯ ನಾನು; ಇಲ್ಲೂ ಅದನ್ನೇ ಮಾಡಿದ್ದೆ. ಹಳೆಯ ಕರ್ನೆಲ್ ಆ ಕಲಮನ್ನು ಓದುತ್ತಲೇ ಇರಲಿಲ್ಲ. ಹೊಸದು ಓದಿತು, ಸೊನ್ನೆಯಲ್ಲ ಎಂದು ಕಂಡಿತು, ಪಾಪ, ಹೇಳಿದ ಹಾಗೆ ಚಿತ್ರವನ್ನು ಅದಲುಬದಲು ಮಾಡಿತು. ಲೀಲಕ್ಕನ ಮುಖ ನೋಡಲು ಧೈರ್ಯ ಬರಲಿಲ್ಲ.

ಹಳೆಯ ಅಪ್ಲಿಕೇಶನ್ ತಿದ್ದಿಬಿಡಬಹುದಿತ್ತು. ಆದರೆ ಅದು ಇನ್ನೆಷ್ಟು ಯಂತ್ರಗಳಲ್ಲಿ ಕೂತಿದೆಯೋ! ಊಟ ಬಿಟ್ಟು ಕೂತು ಕರ್ನೆಲ್ಲನ್ನೇ ತಿದ್ದಿದೆ: ಹೊಸ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ ಎಂದು ಅಪ್ಲಿಕೇಶನ್ ಬೇರೆಯಾಗಿ ಹೇಳಿದರೆ ಮಾತ್ರ ಆ ಕಲಂ ಓದು, ಇಲ್ಲದಿದ್ದರೆ ಅಲ್ಲಿ ಏನೇ ಇರಲಿ, ನೋಡಲೇ ಬೇಡ. ಯಂತ್ರ ಮತ್ತೆ ಓಡಿತು. ಕರಿಗೋಟು ಹೊರಗೆ ಹಾರಿತು. ನನ್ನ ಎರಡು ವರ್ಷ ಉಳಿಯಿತು.

"ಕಡೆಗೆ ತಪ್ಪು ಯಾರದ್ದು ಗೌಡ್ರೆ?" ಎಂದು ಹಾಜಿಯವರು ಕೇಳಿದರು.

"ಮೊದಲು ಬರೆದವನದ್ದು" ಎಂದೆ. ಸುಳ್ಳೇನಲ್ಲವಲ್ಲ.

"ನನಗೆ ಆಗಲೇ ಅನ್ನಿಸಿತ್ತು. ಅಂಥವನನ್ನು ಇನ್ನು ಈ ಗೋದಾಮಿನ ಮೆಟ್ಟಿಲು ಹತ್ತಿಸುದಿಲ್ಲ. ಇನ್ನು ಎಂತ ಕೆಲಸ ಇದ್ರೂ ನಿಮ್ಮ ಕೈಯಲ್ಲೇ ಮಾಡಿಸುದು" ಎಂದು ಅವರು ನನಗೆ ಚಹಾ ತರಿಸಿದರು. ಮನುಷ್ಯ ಇಷ್ಟು ಸುಲಭವಾಗಿ ಇನ್ನೊಬ್ಬರನ್ನು ನಂಬಬಾರದು ಎಂದು ನನಗೆ ಅವರ ಮೇಲೆ ನಿಜಕ್ಕೂ ಕನಿಕರವಾಯಿತು.