ಹೊಸ್ತಿಲವರೆಗೆ ಬರೆದ ಕಾಡು

ಬರೆದ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುವುದೆಂದರೆ ನನಗೆ ಒಗೆಯದ ಬಟ್ಟೆಯನ್ನು ಬೀದಿಯಲ್ಲಿ ಹರವಿದಷ್ಟು ಸಂಕೋಚ. ಆದ್ದರಿಂದ ಲಾಕ್‌ಡೌನ್ ಬಂದು, ಗೆಟ್ಟವಾಡಿಯ ಹೊಲದ ಮನೆಯಲ್ಲಿ ದೊಡ್ಡವ್ವನೂ ನಾನೂ ಇಬ್ಬರೇ ಉಳಿದಾಗ, ಹೊರಗೆ ಹೇಳದಿದ್ದರೂ ಒಳಗೊಳಗೇ ನೆಮ್ಮದಿಯಾಗಿತ್ತು. ನೋಡುವವರಿಲ್ಲ, ಧಾರಾಳವಾಗಿ ಬರೆಯಬಹುದು. ಬರೆಯುವುದಕ್ಕೆ ಕಾರಣವೂ ಇತ್ತು. ಆ ಬೇಸಿಗೆ ಎದುರಿನ ಗುಡ್ಡಕ್ಕೆ ಬೆಂಕಿ ಬಿದ್ದು ಕಾಡು ಕರಿಕಟ್ಟಿತ್ತು. ಸುಟ್ಟ ಕಾಡನ್ನು ಅಂಗಳದಲ್ಲಾದರೂ ಚಿಗುರಿಸುತ್ತೇನೆಂದು ಹೊರಟೆ. ಎಂ.ಎ. ಮಾಡಿದವರಿಗೆ ಇಂಥ ದೊಡ್ಡ ಯೋಚನೆಗಳು ಬೇಗ ಬರುತ್ತವೆ. ರಂಗೋಲಿಪುಡಿ ಮುಗಿದಿರುವುದು ತಡವಾಗಿ ತಿಳಿಯುತ್ತದೆ. ಚಾಮರಾಜನಗರದಿಂದ ತರೋಣವೆಂದರೆ ನಡುವಿನ ರಾಜ್ಯದ ಗಡಿ ಮುಚ್ಚಿತ್ತು. ಮರದ ಕಾಂಡಗಳಿಗೆ ಒಲೆಯ ಇದ್ದಲು ಹಿಡಿದೆ. ಎಲೆ, ಹುಲ್ಲು, ಹಾದಿಗೆ ರಾಗಿಹಿಟ್ಟು. ಗಾಳಿಗೆ ಹಾರದಿರಲೆಂದು ಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿದೆ. ಈ ಉಪಾಯಕ್ಕಾಗಿ ನನ್ನನ್ನು ನಾನೇ ಎರಡು ಸಲ ಮೆಚ್ಚಿಕೊಂಡೆ. ದೊಡ್ಡವ್ವನಿಗೆ ಹೇಳಲಿಲ್ಲ. ಕಾಡಿನಿಂದ ಹೊರಟ ಹಾದಿಯನ್ನು ಅಚ್ಚುಕಟ್ಟಾಗಿ ನಮ್ಮ ಹೊಸ್ತಿಲಿಗೇ ತಂದು ಮುಟ್ಟಿಸಿದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದೊಡ್ಡವ್ವ ನನ್ನ ಭುಜ ಹಿಂಡಿದಳು. "ಉಸ್ರೆತ್ಬ್ಯಾಡ. ಸಾಮಿ ಬಂದವ್ರೆ." ನಮ್ಮ ಮನೆಯಲ್ಲಿ ಆನೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ.

ಕಿಟಕಿಯಿಂದ ನೋಡಿದೆ. ಪಕ್ಕೆಲುಬು ಕಾಣುವ ಹೆಣ್ಣಾನೆ. ಸೊಂಡಿಲ ತುದಿಯಿಂದ ನನ್ನ ಗೆರೆಯನ್ನೇ ಹಿಡಿದು, ಬಾಗಿದಲ್ಲಿ ಬಾಗಿ, ತಿರುಗಿದಲ್ಲಿ ತಿರುಗಿ, ಒಂದೊಂದೇ ಎಲೆಯನ್ನು ಕೆರೆದು ಬಾಯಿಗಿಡುತ್ತಿತ್ತು. ಅಷ್ಟು ದೊಡ್ಡ ಮೈಗೆ ಅಷ್ಟು ನಾಜೂಕು! ನನ್ನ ಚಿತ್ರವನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಲ್ಲ.

"ಇಟ್ಟಲ್ಲಿ ಬರ್ದಿದ್ದಿಯಾ? ಅದ್ನೂ ಬಾಗ್ಲುಗಂಟ ಯಾಕವ್ವ ಎಳ್ದೆ?" ದೊಡ್ಡವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಬಾಗಿಲ ಹಿಂದೆಯೇ ರಾಗಿಮೂಟೆ. ಮೂಟೆಯ ಪಕ್ಕದಲ್ಲಿ ನಾವು.

"ಅದು... ಕಾಡ್ಗೂ ಮನ್ಸರ್ಗೂ ಸಂಬಂಧ ತೋರ್ಸಕೆ, ದೊಡ್ಡವ್ವ."

"ಬೆಳಸ್ದೆ ಬುಡು ಸಂಬಂದ. ಬೀಗ್ರು ಬಂದವ್ರೆ, ಎದ್ದು ಇಟ್ಟಿಕ್ಕು!"

ಹಾದಿ ಮುಗಿಯಿತು. ಬಾಗಿಲಡಿಯ ಸಂದಿನಿಂದ ಬಿಸಿಯುಸಿರು ಬಂದು ನಮ್ಮ ಕಾಲ್ಬೆರಳುಗಳ ಮೇಲೆ ಹಾಯಿತು. ಅಗುಳಿ ಒಮ್ಮೆ ಕಿರುಗುಟ್ಟಿತು. ದೊಡ್ಡವ್ವ ಬಾಗಿಲಿಗೇ ಕೈಮುಗಿದಳು. "ತಾಯಿ, ಕೂಸು ತಿಳೀದೆ ಬರ್ದುಬುಡ್ತು. ಮಳೆಗಂಟ ನಮ್ಗೂ ಇದೊಂದೇ ಮೂಟೆ. ಓಗ್ಬುಡವ್ವ."

ಎಷ್ಟೋ ಹೊತ್ತಾದ ಮೇಲೆ ಉಸಿರು ಹಿಂದೆ ಸರಿಯಿತು.

ಹೊರಗೆ ಬಂದರೆ ಎಲೆಯಿಲ್ಲ, ಹುಲ್ಲಿಲ್ಲ, ಹಾದಿಯಿಲ್ಲ. ಇದ್ದಲಿನ ಕಾಂಡಗಳನ್ನು ಮಾತ್ರ ಅದು ಮುಟ್ಟಿರಲಿಲ್ಲ. ಅಂಗಳದ ತುಂಬ ಬೋಳು ಕರಿಮರಗಳು. ತಲೆಯೆತ್ತಿದರೆ ಗುಡ್ಡದಲ್ಲೂ ಅವೇ. ನಾನು ಬರೆಯಲಾರದೆ ತಪ್ಪಿಸಿಕೊಂಡಿದ್ದ ಚಿತ್ರ ಅದು.

"ಈಗ ಸರಿಯಾಗಿ ಅದೆ ಕಣವ್ವ," ಎಂದಳು ದೊಡ್ಡವ್ವ, ಗುಡ್ಡ ನೋಡುತ್ತಾ.

ಒಂದು ಚೂರು ಇದ್ದಲು ತಂದು, ಮೂಲೆಯಲ್ಲಿ ಹೆಸರು ಬರೆಯೋಣವೆಂದು ಬಗ್ಗಿದೆ. ಅಲ್ಲಿ ಆಗಲೇ ಮೊರದಗಲದ ಹೆಜ್ಜೆಯೊಂದು ಮೂಡಿತ್ತು. ಇನ್ನೊಬ್ಬರ ಕೃತಿಗೆ ಹೆಸರು ಹಾಕಿಕೊಳ್ಳಬಾರದೆಂದು ನಾನೂ ಓದಿದವಳು. ಇದ್ದಲನ್ನು ಒಲೆಗೆ ಹಾಕಿ ಬಂದೆ.