ಪೇಚಕಸದ ನಾದ

ಮಾತನಾಡಲು ನಾಚುವವರಿಗೆ ಒಂದು ದೊಡ್ಡ ಕಷ್ಟವಿದೆ. ಉಳಿದವರು ಕೇಳಿ ತಿಳಿದುಕೊಳ್ಳುವುದನ್ನು ಅವರು ಕೆಡಿಸಿ ತಿಳಿದುಕೊಳ್ಳಬೇಕಾಗುತ್ತದೆ. ನಾನು ಅಂಥವರಲ್ಲಿ ಒಬ್ಬಳು. ದುಬಲಗುಂಡಿಯ ಐಗಳ ಶಾಲೆಯಲ್ಲಿ ಓದುವಾಗ ಉತ್ತರ ಗೊತ್ತಿದ್ದರೂ ಬರೆಯುವ ಪಾಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಕೂಡುತ್ತಿದ್ದೆ. ಈ ಹುಡುಗಿಗೆ ಏನೂ ಬರುವುದಿಲ್ಲವೆಂದು ಐಗಳು ತಿಳಿದರು. ಮದುವೆಯಾದ ಮೇಲೆ, ಮೊಮ್ಮಕ್ಕಳೇ, ನಿಮ್ಮ ಮುತ್ಯಾನೂ ಬಹಳ ದಿನ ಹಾಗೆಯೇ ತಿಳಿದಿದ್ದರು. ಅವರಿಬ್ಬರ ತಿಳಿವಳಿಕೆ ತಪ್ಪೆಂದು ತೋರಿಸಲು ನಾನು ಒಮ್ಮೆ ಹೊರಟಿದ್ದೆ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಆದರೆ ಮೊನ್ನೆ ಮೊಮ್ಮಗಳು ನೀಲಾ ಅಂಗಡಿಯಿಂದ ತಿರುಪು ಬಿಚ್ಚುವ ಒಂದು ಹೊಸ ಪೇಚಕಸ ತಂದು, "ಆಯಿ, ಇದು ಚಲೋ ಅದನ?" ಎಂದು ಕೇಳಿದಳು. ಕಬ್ಬಿಣದ ಸಾಮಾನಿನ ವಿಷಯದಲ್ಲಿ ಇಷ್ಟು ವರ್ಷದಲ್ಲಿ ನನ್ನ ಅಭಿಪ್ರಾಯ ಕೇಳಿದವಳು ಅವಳೊಬ್ಬಳೇ. ಆ ಸಂತೋಷಕ್ಕೆ ಬರೆಯುತ್ತಿದ್ದೇನೆ.

ನೀವು ಬಸವಕಲ್ಯಾಣ ಎನ್ನುವ ಊರಿಗೆ ಆಗ ಬರೀ ಕಲ್ಯಾಣಿ ಎನ್ನುತ್ತಿದ್ದೆವು. ನಮ್ಮ ಓಣಿಗೆಲ್ಲ ಸೇರಿ ಇದ್ದದ್ದು ಒಂದೇ ಶಾವಿಗೆ ಯಂತ್ರ. ಅದು ನಾಲ್ಕು ಮನೆ ಆಚೆಯ ಕಾಶಿಬಾಯಿ ಕಾಕಿಯದು. ಬೇಸಿಗೆ ಬಂದರೆ ಮನೆಗೊಂದು ದಿನದಂತೆ ಯಂತ್ರ ಓಣಿ ಸುತ್ತುತ್ತಿತ್ತು. ಹೊಸ ಮದುಮಗಳನ್ನು ಊಟಕ್ಕೆ ಕರೆದಂತೆ ಅದನ್ನು ಕರೆಯಬೇಕು, ಒರೆಸಬೇಕು, ಮರುದಿನ ಬೆಳಿಗ್ಗೆ ಮುಂದಿನ ಮನೆಗೆ ಮುಟ್ಟಿಸಬೇಕು. ಏನಾದರೂ ಕೆಟ್ಟರೆ ಕಾಕಿ ಅಂಗಳದಲ್ಲಿ ನಿಂತು ಕೇಳುವ ಪ್ರಶ್ನೆ ಕೋಟೆಯವರೆಗೂ ಕೇಳಿಸುತ್ತಿತ್ತು. ಯಂತ್ರದ ಬಾಯಿಗೆ ಒಂದು ತೂತಿನ ಬಿಲ್ಲೆ, ಆ ಬಿಲ್ಲೆಗೆ ಎರಡು ತಿರುಪು, ನಮ್ಮ ಓಣಿಯ ಮಾತಿನಲ್ಲಿ ಪೇಚು. ಹಿಂದಿನ ಮನೆಯವರು ಸರಿಯಾಗಿ ತೊಳೆಯದಿದ್ದರೆ ಹಿಟ್ಟು ತೂತಿನಲ್ಲಿ ಒಣಗಿ ಕಲ್ಲಾಗುತ್ತಿತ್ತು. ನಾನು ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಹಾಗೆಯೇ ಆಗಿ, ಆ ತಿರುಪನ್ನು ಅಡುಗೆಮನೆಯ ಚಾಕುವಿನಿಂದ ಬಿಚ್ಚಲು ಹೋಗಿ ಚಾಕು ಮುರಿದಿದ್ದೆ. ಅತ್ತೆಯವರು ಬಯ್ಯಲಿಲ್ಲ. ಚಾಕುವಿನ ಎರಡು ತುಂಡನ್ನೂ ದೇವರ ಮುಂದೆ ಇಟ್ಟು ಕೈಮುಗಿದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಮುಂದಿನ ವರ್ಷ ಬೇಸಿಗೆಗೆ ಮೊದಲು ಹುಮನಾಬಾದಿನ ಅಣ್ಣನ ಮನೆಗೆ ಹೋದಾಗ, ಪೇಚಕಸ ಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಹುಮನಾಬಾದು ದೊಡ್ಡ ರಸ್ತೆಯ ಮೇಲಿನ ಊರು. ಸೋಲಾಪುರದ ಕಡೆಯಿಂದ ಬಂದ ಸಾಮಾನು ಸಂತೆಯಲ್ಲಿ ಗೋಣಿಚೀಲದ ಮೇಲೆ ಹರಡಿರುತ್ತಿತ್ತು. ನನಗೆ 'ಪೇಚಕಸ' ಎಂಬ ಮಾತು ಗಂಟಲಿನಿಂದ ಹೊರಗೆ ಬರಲಿಲ್ಲ. ಹೆಣ್ಣುಮಗಳು ಕೇಳುವ ಸಾಮಾನೇ ಅದು? ಸೆರಗಿನೊಳಗಿನಿಂದ ಬೆರಳು ತೋರಿಸಿದೆ.

ಅಂಗಡಿಯವನು ಮಾತಿನ ಮನುಷ್ಯ. "ಇದು ಸಸ್ತಾ ಅದ ಬಾಯಿ. ಇದು ಅದಕ್ಕಿಂತ ಸಸ್ತಾ. ಇದು ಎಲ್ಲಾದಕ್ಕಿಂತ ಸಸ್ತಾ," ಎಂದು ಮೂರನ್ನು ಮುಂದಿಟ್ಟ. ಆಮೇಲೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ನಾಲ್ಕನೆಯದನ್ನು ಕೂಸನ್ನು ಎತ್ತಿದಂತೆ ಎತ್ತಿ, "ಇದು ಒಂದ ತಗೋರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದ. ಇದರ ಬೆಲಿಗಿ ಆ ಮೂರೂ ಬರ್ತಾವ, ಅದೂ ಖರೇ ಅದ," ಎಂದ. ಖರೇ ಮಾತನ್ನು ಅವನು ಹೇಳಬಾರದಾಗಿತ್ತು. ಒಂದಕ್ಕಿಂತ ಮೂರು ಹೆಚ್ಚು ಎಂಬುದನ್ನು ಐಗಳು ನನಗೆ ಬಹಳ ಗಟ್ಟಿಯಾಗಿ ಕಲಿಸಿದ್ದರು.

ಆದರೂ ಪರೀಕ್ಷೆ ಮಾಡದೆ ಕೊಳ್ಳುವವಳು ನಾನಲ್ಲ. ಗಡಿಗೆಯನ್ನು ಕೊಳ್ಳುವಾಗ ಬೆರಳ ಗಂಟಿನಿಂದ ಬಡಿದು ನಾದ ಕೇಳುವುದು ನಮ್ಮಲ್ಲಿ ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಒಂದೊಂದೇ ಪೇಚಕಸವನ್ನು ಕಲ್ಲಿಗೆ ಬಡಿದು ಕಿವಿಗೆ ಹಿಡಿದೆ. ಮೊದಲನೆಯದು ಗಂಟೆಯಂತೆ ಟಣ್ಣೆಂದಿತು. ಎರಡನೆಯದರ ಹಿಡಿಕೆಗೆ ಕೆಂಪು ಅರಗು ಬಳಿದಿದ್ದರು. ನಾದ ಸಾಧಾರಣವಾಗಿದ್ದರೂ ರೂಪ ಚೆನ್ನಾಗಿತ್ತು. ಮೂರನೆಯದು ಸದ್ದೇ ಮಾಡಲಿಲ್ಲ, ಆದರೆ ತೂಕವಿತ್ತು. ಎಣ್ಣೆಬಟ್ಟೆಯದನ್ನು ಬಡಿದರೆ ಅದು 'ಟಕ್' ಎಂದಷ್ಟೇ ಹೇಳಿ ಸುಮ್ಮನಾಯಿತು. ನನ್ನಂತೆ ನಾಚಿಕೆಯ ಸ್ವಭಾವದ್ದು ಎಂದು ಬಿಟ್ಟುಬಿಟ್ಟೆ.

"ಬಾಯಿ, ಇದು ಗಡಿಗಿ ಅಲ್ರಿ," ಎಂದ ಅಂಗಡಿಯವನು. ಸುತ್ತಲಿನವರು ನಕ್ಕರು. ಅವರ ನಗೆಗೆ ಹೆದರಿ, ದುಡ್ಡು ಕೊಟ್ಟು, ಸಸ್ತಾದ ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಓಡಿದೆ.

ಆ ಬೇಸಿಗೆಯಲ್ಲಿ ಯಂತ್ರ ನಮ್ಮ ಮನೆಗೆ ಬಂದ ದಿನ ಬಹಳ ಮುಖ್ಯವಾದ ದಿನ. ನಾಲ್ಕು ದಿನ ಬಿಟ್ಟು ನಾದಿನಿ ಶಾಂತಾ ಮಂಠಾಳದ ಗಂಡನ ಮನೆಗೆ ಮೊದಲ ಸಲ ಹೊರಡುವವಳಿದ್ದಳು. ಅವಳ ಜೊತೆ ಒಂದು ಬುಟ್ಟಿ ಶಾವಿಗೆ ಹೋಗಲೇಬೇಕು. ಇಲ್ಲದಿದ್ದರೆ ಬೀಗರ ಮುಂದೆ ಮಾನ ಹೋಗುತ್ತದೆ. ಯಂತ್ರ ಮತ್ತೆ ನಮ್ಮ ಪಾಲಿಗೆ ಬರುವುದು ಹದಿನೈದು ದಿನದ ಮೇಲೆ. ಬೆಳಿಗ್ಗೆ ನೋಡಿದರೆ ಬಿಲ್ಲೆಯ ತೂತುಗಳೆಲ್ಲ ಮುಚ್ಚಿದ್ದವು. ಒಳಗೆ ಅತ್ತೆಯವರು ಅಗಲವಾದ ಪರಾತದಲ್ಲಿ ಗೋಧಿ ಹಿಟ್ಟು ನಾದುತ್ತಿದ್ದರು. "ನೀವು ಕಾಳಜಿ ಮಾಡಬ್ಯಾಡ್ರಿ, ನಾ ಬಿಚ್ಚತೀನಿ," ಎಂದೆ. ಅಷ್ಟು ಉದ್ದದ ಮಾತನ್ನು ಆ ಮನೆಯಲ್ಲಿ ನಾನು ಆಡಿದ್ದು ಅದೇ ಮೊದಲು.

ಗಂಟೆಯ ನಾದದ್ದನ್ನು ತಿರುಪಿನ ಗೆರೆಗೆ ಇಟ್ಟು ತಿರುವಿದೆ. ಟಣ್ಣೆಂದು ಅದರ ಮೂತಿ ಮುರಿದು ಹಾರಿತು. ಮುರಿಯುವಾಗಲೂ ನಾದ ಚೆನ್ನಾಗಿಯೇ ಇತ್ತು. ಕೆಂಪು ಹಿಡಿಕೆಯದನ್ನು ತಿರುವಿದೆ. ಹಿಡಿಕೆ ನಾನು ಹೇಳಿದಂತೆ ಸುತ್ತಿತು, ಕಬ್ಬಿಣ ಮಾತ್ರ ಇದ್ದಲ್ಲೇ ನಿಂತಿತು. ನಮ್ಮ ಮನೆಯ ವ್ಯವಹಾರವೂ ಹೀಗೆಯೇ ಇತ್ತಾದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ತೂಕದ್ದನ್ನು ಹಿಡಿದೆ. ಅದು ಮೇಣದ ಹಾಗೆ ಬಾಗುತ್ತಾ, ಗೆರೆಯಿಂದ ಜಾರುತ್ತಾ, ತಿರುಪಿನ ತಲೆಯನ್ನು ಹೆರೆಯಿತು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಒಂದೇ ತಿರುಪಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ತೋರಿ, ಮುರಿದದ್ದನ್ನೂ ಬಿಡದೆ ಮೂರನ್ನೂ ಎರಡನೆಯ ತಿರುಪಿನ ಮೇಲೆ ನೋಡಿದೆ.

"ಏನವ್ವಾ, ಬಿಲ್ಲಿ ಬಿಚ್ಚಾಕತ್ತೀಯೋ, ಬಾವಿ ತೋಡಾಕತ್ತೀಯೋ?" ಎಂದರು ಅತ್ತೆಯವರು ಒಳಗಿನಿಂದ.

ನ್ಯಾಯ ಮುಗಿಯುವಷ್ಟರಲ್ಲಿ ಎರಡೂ ತಿರುಪಿನ ತಲೆ ನನ್ನ ಶಾಲೆಯ ಪಾಟಿಯಂತೆ ನುಣ್ಣಗಾಗಿತ್ತು. ಗೆರೆಯೇ ಇರಲಿಲ್ಲ. ಇನ್ನು ಆ ಎಣ್ಣೆಬಟ್ಟೆಯ ಪೇಚಕಸವೇ ಬಂದರೂ ಹಿಡಿಯಲು ಜಾಗವಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ಕಾಶಿಬಾಯಿ ಕಾಕಿ, "ಹ್ಯಾಂಗ ನಡದದ ಶ್ಯಾವಿಗಿ?" ಎನ್ನುತ್ತಾ ಬಂದರು.

ಪಾಟಿ ಇರಲಿಲ್ಲ, ಸೆರಗನ್ನೇ ಮುಖಕ್ಕೆ ಅಡ್ಡ ಹಿಡಿದೆ. ಆದರೆ ಒಳಗೆ ಶಾಂತಾ ಖಾಲಿ ಬುಟ್ಟಿ ಒರೆಸುತ್ತಿದ್ದ ಸದ್ದು ಕೇಳಿಸಿತು. ಸೆರಗು ಸರಿಸಿ, "ಕಾಕಿ, ನಿಮ್ಮ ಪೇಚು ನಾ ಕೆಡಸೀನ್ರಿ," ಎಂದೆ. ಮೂರು ಪೇಚಕಸವನ್ನೂ ಸಾಕ್ಷಿಗಳಂತೆ ಮುಂದಿಟ್ಟೆ.

ಕಾಕಿ ಯಂತ್ರ ನೋಡಿದರು, ನನ್ನನ್ನು ನೋಡಿದರು. "ಒಳಗೇನು ಅದ, ಕಬ್ಬಿಣ ಅದನ?"

"ಹಿಟ್ಟರಿ."

"ಒಣಗಿದ ಹಿಟ್ಟಿನ ಪರಾತಕ್ಕ ಏನು ಮಾಡ್ತಿ?"

"ನೀರು ಹಾಕಿ ನೆನೀಲಿಕ್ಕ ಬಿಡ್ತೀನ್ರಿ."

"ಮತ್ತ ಇದಕ್ಯಾಕ ಕಮ್ಮಾರಕಿ ಮಾಡಾಕತ್ತಿ, ಹುಚ್ಚಿ?" ಎಂದವರೇ ಯಂತ್ರವನ್ನು ಎತ್ತಿ ಬಿಸಿನೀರಿನ ಹಂಡೆಗೆ ಇಳಿಸಿದರು. ಅತ್ತೆಯವರ ಹಿಟ್ಟು ಹದಕ್ಕೆ ಬರುವಷ್ಟರಲ್ಲಿ ತೂತುಗಳಲ್ಲಿ ಬೆಳಕು ಕಾಣಿಸಿತು. ದಿನವೂ ಪರಾತ ನೆನೆಹಾಕುವ ನನಗೆ ಅದು ಹೊಳೆದಿರಲಿಲ್ಲ. ಕೈಯಲ್ಲಿ ಪೇಚಕಸವಿತ್ತಲ್ಲ!

ಶಾಂತಾಳ ಬುಟ್ಟಿ ತುಂಬಿತು. ತಿರುಪಿನ ವಿಷಯಕ್ಕೆ ಕಾಕಿ ಕೂಗಾಡುವರೆಂದು ಕಾದೆ. ಅವರು, "ಚಲೋ ಆತು ಬಿಡು. ಇನ್ನ ಓಣ್ಯಾಗ ಯಾರೂ ಬಿಚ್ಚಿ ಪೇಚು ಕಳಿಯಂಗಿಲ್ಲ," ಎಂದು ನಕ್ಕರು. ಅಂದು ರಾಶಿ ಶಾವಿಗೆ ನೋಡಿದ ನಿಮ್ಮ ಮುತ್ಯಾ, ಪಕ್ಕದಲ್ಲಿದ್ದ ಕೆಂಪು ಹಿಡಿಕೆಯದನ್ನು ಕಂಡು, "ಪೇಚಕಸ ಉಪಯೋಗ ಆತೇನು?" ಎಂದು ಕೇಳಿದರು. "ಆತ್ರಿ," ಎಂದೆ. ಕಾಕಿಯ ಮುಂದೆ ಬಂದ ಧೈರ್ಯ ಅಷ್ಟಕ್ಕೇ ಮುಗಿದಿತ್ತು.

ಸೋವಿಯ ಮೂರರಲ್ಲಿ ಯಾವುದು ಲೇಸು ಎಂದು ನೀವು ಕೇಳಿದರೆ ಹೇಳಬಲ್ಲೆ. ಮೂತಿ ಮುರಿದದ್ದು ಬೆಲ್ಲ ಒಡೆಯಲು ಒಳ್ಳೆಯದು. ಬಾಗಿದ್ದು ಒಲೆಯ ಬೂದಿ ಕೆದರಲು. ಕೆಂಪು ಹಿಡಿಕೆ ನಿಮ್ಮ ಅಪ್ಪನಿಗೆ ಹಲ್ಲು ಬರುವಾಗ ಕಚ್ಚಲು ಆಯಿತು. ತಿರುಪು ತಿರುವಲು ಮಾತ್ರ ಯಾವುದೂ ಆಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ, ನೀಲಾ ಕೇಳಿದಾಗ ನನ್ನ ಕೈ ತಾನಾಗಿ ಅವಳ ಪೇಚಕಸವನ್ನು ಹೊಸ್ತಿಲಿಗೆ ಬಡಿದು ಕಿವಿಗೆ ಹಿಡಿಯಿತು. "ಆಯಿ, ಅದೇನು ಗಡಿಗಿ ಅದನ?" ಎಂದು ಅವಳು ಕಸಿದುಕೊಂಡು ಹೋದಳು. ಪಾಪ, ಹುಡುಗಿಗೆ ಹೇಗೆ ಹೇಳಲಿ? ನಾದ ಬಹಳ ಚೆನ್ನಾಗಿತ್ತು.