ಹಿಟ್ಟಿನ ಡಬ್ಬಿಯ ಫೋನೂ ಆರುನೂರು ಪೆಟ್ಟಿಗೆ ಕಿತ್ತಳೆಯೂ

ಭೂಮಿ ತಲೆಕೆಳಗಾದರೂ ಸರಿ, ಈ ಶನಿವಾರ ನಾನು ಶಾಲೆಯ ಕೆಲಸ ಮುಟ್ಟುವವಳಲ್ಲ ಎಂದು ಶಪಥ ಮಾಡಿದ್ದೆ! ನೆಬ್ರಾಸ್ಕದ ಈ ಪುಟ್ಟ ಊರಿನ ಹೈಸ್ಕೂಲಿಗೆ ಕೃಷಿ ಪಾಠ ಹೇಳಲು ಸೇರಿ ಎರಡು ವರ್ಷ ತುಂಬಿಲ್ಲ, ಆಗಲೇ ಗಂಡನ ಮುಖ ಮರೆತುಹೋಗುವ ಹಂತಕ್ಕೆ ಬಂದಿದ್ದೆ. ಬರೀ ಪಾಠವಾದರೆ ಹೇಗೋ ಆಗುತ್ತಿತ್ತು. ಮೂವತ್ತನಾಲ್ಕು ಮಕ್ಕಳು, ಒಬ್ಬೊಬ್ಬರ ಮನೆಯಲ್ಲೂ ಒಂದು ಹಂದಿಯೋ ಕುರಿಯೋ ಕರುವೋ. ಅವುಗಳ ಯೋಗಕ್ಷೇಮ ವಿಚಾರಿಸಲು ನಾನೇ ಮನೆಮನೆಗೆ ಹೋಗಬೇಕು. ಸ್ಥಿತಿ, ಮೇವು, ಭೇಟಿಯ ದಿನ ಎಲ್ಲವನ್ನೂ ನಮ್ಮ ಫ್ರಿಜ್ ಮೇಲೇ ಬೀಡುಬಿಟ್ಟಿರುವ ರಿಜಿಸ್ಟರಿನಲ್ಲಿ ಬರೆಯಬೇಕು! ಕೆಲಸವನ್ನೂ ಸಂಸಾರವನ್ನೂ ಸರಿದೂಗಿಸುವುದು ಹೇಗೆಂದು ಹೊಸ ಮೇಷ್ಟ್ರುಗಳಿಗೆ ತರಬೇತಿ ಬೇರೆ ಕೊಟ್ಟರು. ಯಾವತ್ತು? ಭಾನುವಾರ! ನನಗೆ ಮೈಯೆಲ್ಲ ಉರಿದುಹೋಯಿತು.

"ನಾಳೆ ನಮ್ಮ ಮದುವೆಯಾದ ದಿನ ಕಣೋ. ಇಡೀ ದಿನ ನಿನಗೇ!" ಎಂದು ಶುಕ್ರವಾರ ಸಂಜೆ ಘೋಷಿಸಿ, ಗಂಡ ಕೋಲ್ಬಿಯ ಕಣ್ಣೆದುರೇ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತೆ. ಶಾಲೆಯ ಬೀಗದ ಕೈಯನ್ನಂತೂ ಅಲ್ಲಿನ ಮೇಜಿನೊಳಗೇ ಬಿಟ್ಟು ಬಂದಿದ್ದೆ.

"ಹೋದ ವರ್ಷವೂ ಹೀಗೇ ಅಂದಿದ್ದೆ ಬ್ರೆನ್ನಾ. ಆಮೇಲೆ ಯಾರದೋ ಹಂದಿ ಮರಿ ಹಾಕ್ತು," ಎಂದ ಅವನು. "ನಾಳೆ ಒಂದು ಗಂಟೆಗೆ ಹೋಟೆಲಲ್ಲಿ ಟೇಬಲ್ ಹೇಳಿದೀನಿ. ಅದೂ ತಪ್ಪಿದ್ರೆ ನಾನು ನಮ್ಮಮ್ಮನ ಮನೆಗೆ ಹೊರಟೆ, ನೋಡು!"

ಬೆಳಿಗ್ಗೆ ಹತ್ತು ಗಂಟೆ. ಹೊಸ ಉಡುಪು ತೊಟ್ಟು ಕನ್ನಡಿ ಮುಂದೆ ನಿಂತಿದ್ದೇನೆ, ಬಾಗಿಲ ಮುಂದೆ ಲಾರಿ!

"ಮೇಡಂ, ನಿಮ್ಮ ಕೃಷಿ ಸಂಘದ ಕಿತ್ತಳೆ. ಆರುನೂರು ಪೆಟ್ಟಿಗೆ. ಶಾಲೆಗೆ ಬೀಗ, ಫೋನ್ ಎತ್ತೋರಿಲ್ಲ. ಪೆಟ್ರೋಲ್ ಬಂಕಿನವರು ಮನೆ ತೋರಿಸಿದ್ರು."

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಯ ಮಕ್ಕಳು ಊರಿಗೆಲ್ಲ ಹಣ್ಣು ಮಾರಿ ಸಂಘ ನಡೆಸುತ್ತಾರೆ, ನಿಜ. ಆದರೆ ಇವತ್ತೇ?

"ಸೋಮವಾರ ಬನ್ನಿ!" ಎಂದು ಗುಡುಗಿದೆ.

"ಸೋಮವಾರ ನಾನು ಟೆಕ್ಸಾಸಲ್ಲಿರ್ತೀನಿ. ಹೊರಗೇ ಇಳಿಸಿ ಹೋಗ್ಲಾ? ಈ ಚಳೀಲಿ ಸಂಜೆಯೊಳಗೆ ಎಲ್ಲಾ ಕಲ್ಲಾಗುತ್ತೆ, ಅಷ್ಟೆ."

ಹೊತ್ತೆವು! ನಡುಮನೆ ತುಂಬಿತು, ಮಲಗುವ ಕೋಣೆ ತುಂಬಿತು, ಸ್ನಾನದ ತೊಟ್ಟಿಯೂ ತುಂಬಿತು. ಸುದ್ದಿ ತಿಳಿದ ಊರವರು ತಮ್ಮ ಪೆಟ್ಟಿಗೆ ಹುಡುಕಿಕೊಂಡು ಹಾಸಿಗೆ ಹತ್ತಿ ಇಳಿದರು. ಗಡಿಯಾರ ಒಂದು ದಾಟಿ ಎರಡಕ್ಕೆ ಹೊರಳಿತು. ನನ್ನ ಪಿತ್ತ ನೆತ್ತಿಗೇರಿತು.

"ನನಗೂ ಒಂದು ಸಂಸಾರ ಇಲ್ವಾ? ಯಾವ ತಲೆಕೆಟ್ಟೋರು ಈ ದಿನ ಗೊತ್ತು ಮಾಡಿದ್ದು? ಹೆಸರು ಹೇಳಿ, ಗ್ರಹಚಾರ ಬಿಡಿಸ್ತೀನಿ!"

ಲಾರಿಯವನು ಒಂದು ಕಾಗದ ಚಾಚಿದ. ಕೋಲ್ಬಿ ಅದನ್ನು ಇಸಿದುಕೊಂಡು ಊರವರೆಲ್ಲ ಕೇಳುವಂತೆ ಓದಿದ: "'ಹದಿನಾಲ್ಕನೇ ತಾರೀಕು, ಶನಿವಾರ ಕಳಿಸಿ. ಅವತ್ತು ನನಗೆ ಬೇರೇನೂ ಕೆಲಸವಿಲ್ಲ.' ಸಹಿ ನಿಂದೇ ಕಣೇ."

ಕಾಗದವನ್ನು ನನ್ನ ಕೈಗಿಟ್ಟು ಅವನು ಅಡುಗೆಮನೆಗೆ ಹೋದ. ಅಮ್ಮನ ಮನೆಗೆ ಹೊರಟನೇನೋ ಎಂದು ಹಿಂದೆಯೇ ಓಡಿದೆ. ಅವನು ಕಿತ್ತಳೆ ಸುಲಿಯುತ್ತ ಕೂತಿದ್ದ, ಮುಂದೆ ನನ್ನ ರಿಜಿಸ್ಟರು ತೆರೆದಿತ್ತು. ಮೂವತ್ತನಾಲ್ಕು ಮಕ್ಕಳ ಹೆಸರುಗಳ ಕೆಳಗೆ ಅವನ ಅಕ್ಷರದಲ್ಲಿ ಮೂವತ್ತೈದನೆಯ ಸಾಲು:

"ಸಾಕಿದವರು: ಬ್ರೆನ್ನಾ. ಪ್ರಾಣಿ: ಗಂಡ, ಒಂದು. ಸ್ಥಿತಿ: ಬಡಕಲು. ಮೇವು: ಕಿತ್ತಳೆ. ಹಿಂದಿನ ಭೇಟಿ: ದಾಖಲೆ ಇಲ್ಲ."